ಬೇಶೆನ್ ಹೇಳಿದ ಹನ್ನೆರಡು ಮಾತು

ಮೂವರು ಹಿರಿಯರು ಬೆಳ್ಳಂಬೆಳಿಗ್ಗೆ ಬಿಳಿಯ ಉಣ್ಣೆಯ ಟೋಪಿ ಇಟ್ಟುಕೊಂಡು, ಒಟ್ಟಾಗಿ, ಸದ್ದಿಲ್ಲದೆ ಬಂದು ಬಾಗಿಲಲ್ಲಿ ನಿಂತರೆ ಏನು ತಂದಿದ್ದಾರೆ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಸಾವಿನ ಸುದ್ದಿಯನ್ನು ನೇರವಾಗಿ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಮೊದಲು ಹವೆ, ಆಮೇಲೆ ಕುರಿ, ಆಮೇಲೆ ಯಾರದೋ ಮೊಣಕಾಲು ನೋವು, ಹೀಗೆ ಸುತ್ತಿ ಬಳಸಿ ಬರಬೇಕು. ಬಿಶ್ಕೆಕ್‌ನ ಅಂಚಿನಲ್ಲಿ, ಸರಕು ಸಾಗಿಸುವ ಕಬ್ಬಿಣದ ಪೆಟ್ಟಿಗೆಗಳನ್ನೇ ಅಂಗಡಿ ಮಾಡಿಕೊಂಡ ಈ ಕಂಟೇನರ್ ಬಜಾರಿನ ಮಸೀದಿಯಲ್ಲಿ ಮೂವತ್ತೊಂದು ವರ್ಷದಿಂದ ನಮಾಜು ಮಾಡಿಸುವವನು ನಾನು. ಹಾಗೆ ಹೋಗಿ ಎಷ್ಟೋ ಬಾಗಿಲುಗಳಲ್ಲಿ ನಿಂತಿದ್ದೇನೆ. ಆ ದಿನ ಮಾತ್ರ ಬಾಗಿಲ ಒಳಗಡೆ ನಾನಿದ್ದೆ.

ಮೂವರಲ್ಲಿ ಹಿರಿಯನಾದ ಹಗ್ಗದ ವ್ಯಾಪಾರಿ ಅಬ್ದಿಲಾಸ್ ಕುಳಿತು, ಗಡ್ಡ ನೀವಿಕೊಂಡು ಹೇಳಿದ: "ಮೊಲ್ದೋಕೆ, ಆ ಹೊಸ ಫೋನು ನಿನ್ನೆ ಸಂಜೆ ಬಿಡುಗಡೆ ಆಯ್ತಂತೆ."

ನಮಾಜು ಮಾಡಿಸುವವನನ್ನು ಇಲ್ಲಿ ಮೊಲ್ದೋಕೆ ಎಂದೇ ಕರೆಯುವುದು. "ಆಯ್ತಾ?" ಎಂದೆ.

"ವಿಮರ್ಶಕರೆಲ್ಲಾ ಬರ್ದೂ ಬಿಟ್ಟಿದ್ದಾರಂತೆ."

"ಏನು ಬರ್ದಿದ್ದಾರೆ?" ಎಂದು ಕೇಳಿದೆ. ಕೇಳಬೇಕಾದ ಇನ್ನೊಂದು ಪ್ರಶ್ನೆಗಿಂತ ಅದು ಸುಲಭವಾಗಿತ್ತು. "ನಮ್ಮ ಬೇಶೆನ್ ಹೇಳಿದ್ದು ಹನ್ನೆರಡು ಮಾತು. ಎಷ್ಟು ಸರಿಯಾಯ್ತಂತೆ?"

ಅಬ್ದಿಲಾಸ್ ನೆಲದ ಜಮಖಾನೆಯ ಹೂವುಗಳನ್ನು ನೋಡಿದ. "ಬೇಶೆನ್ ಅದನ್ನ ಕೇಳಿಸ್ಕೊಳ್ಳಲಿಲ್ಲ, ಮೊಲ್ದೋಕೆ."

ಹೀಗೆ ನನ್ನ ತಮ್ಮ ತೀರಿಕೊಂಡ ಸಂಗತಿ ನನಗೆ ತಿಳಿಯಿತು. ಒಂದು ಬೂಟು ಹಾಕಿಕೊಂಡು ಇನ್ನೊಂದನ್ನು ಕೈಯಲ್ಲಿ ಹಿಡಿದು ಹೊಸ್ತಿಲಲ್ಲಿ ಕುಳಿತವನು ಹಾಗೆಯೇ ಗೋಡೆಗೆ ಒರಗಿದನಂತೆ. ಬೇಗ ಬಜಾರಿಗೆ ಹೋಗಿ ವಿಮರ್ಶೆಗಳನ್ನು ಓದಿಸಿ ಕೇಳುವ ಆತುರದಲ್ಲಿದ್ದನಂತೆ. ನಾವು ದೇವರಿಗೆ ಸೇರಿದವರು, ದೇವರ ಬಳಿಗೇ ಮರಳುವವರು ಎಂದು ಹೇಳಿ ಕೈ ಮುಖಕ್ಕೆ ಸವರಿಕೊಂಡೆ. ಆದರೆ ನಿಜ ಹೇಳಬೇಕು: ಅಳು ಬರುವುದಕ್ಕೂ ಮುಂಚೆ ಮನಸ್ಸಿಗೆ ಬಂದದ್ದು ಒಂದೇ ಮಾತು. ಎಷ್ಟು ಸರಿಯಾಗಿರಬಹುದು?

ಅದು ಯಾಕೆ ಎಂದು ತಿಳಿಯಬೇಕಾದರೆ ಆರು ವಾರ ಹಿಂದಕ್ಕೆ ಹೋಗಬೇಕು.

ಬೇಶೆನ್‌ನದು ಹದಿನಾಲ್ಕನೇ ಸಾಲಿನಲ್ಲಿ ಫೋನ್ ರಿಪೇರಿಯ ಕಂಟೇನರು. ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದ. ಜನ ಗಡಿಯಾರ ಕಟ್ಟುವುದನ್ನು ಬಿಟ್ಟಾಗ ಅದೇ ಸ್ಕ್ರೂಡ್ರೈವರಿನಿಂದ ಫೋನು ಬಿಚ್ಚತೊಡಗಿದ. ಬಿಚ್ಚಿದ್ದನ್ನು ಜೋಡಿಸಿದ ಮೇಲೆ ಒಂದು ಸ್ಕ್ರೂ ಯಾವಾಗಲೂ ಉಳಿಯುತ್ತಿತ್ತು. "ಕಂಪನಿಯೋರು ಒಂದು ಜಾಸ್ತಿ ಹಾಕಿರ್ತಾರೆ" ಎನ್ನುತ್ತಿದ್ದ. ಐವತ್ತೆಂಟು ವರ್ಷದ ಬಾಳಿನಲ್ಲಿ ಅವನ ಅಭಿಪ್ರಾಯವನ್ನು ಯಾರೂ ಕೇಳಿದವರಲ್ಲ. ಹೆಂಡತಿ ಬುರುಲ್ ದಿನಕ್ಕೆ ಎರಡು ಪ್ರಶ್ನೆ ಕೇಳುತ್ತಿದ್ದಳು: "ರೊಟ್ಟಿ ತಂದ್ರಾ?" ಮತ್ತು "ಯಾಕೆ ತರ್ಲಿಲ್ಲ?"

ಎದುರು ಕಂಟೇನರಿನ ಹಾರ್ಸಾನ್ ಫೋನಿನ ಕವರುಗಳ ಸಗಟು ವ್ಯಾಪಾರಿ. ಫೋನಿಗಿಂತ ಕವರು ಮೊದಲು ಬರುವುದು ನಮ್ಮ ಬಜಾರಿನ ನಿಯಮ. ಚೀನಾದ ಕಾರ್ಖಾನೆಯವರು ಅಳತೆಯನ್ನು ಎಲ್ಲಿಂದಲೋ ತಿಳಿದುಕೊಂಡು, ಫೋನು ಹುಟ್ಟುವ ಮೊದಲೇ ಅದಕ್ಕೆ ಅಂಗಿ ಹೊಲಿದು ಕಳಿಸುತ್ತಾರೆ. ಹುಟ್ಟದ ಕೂಸಿಗೆ ಅಂಗಿ ಹೊಲಿಯಬಾರದು ಎಂದು ನಮ್ಮ ಹೆಂಗಸರು ನಂಬಿದವರು. ಹಾರ್ಸಾನ್ ಮಾತ್ರ ಅಂಥ ಅಂಗಿಗಳನ್ನೇ ಮಾರಿ ಮೂರು ಮಕ್ಕಳ ಮದುವೆ ಮಾಡಿದ.

ಆರು ವಾರದ ಹಿಂದೆ ಒಂದು ದಿನ ಅವನಿಗೆ ಬಂದ ಪೆಟ್ಟಿಗೆಯಲ್ಲಿ, ಇಡೀ ಜಗತ್ತು ಕಾಯುತ್ತಿದ್ದ ಆ ದೊಡ್ಡ ಫೋನಿನ ಕವರುಗಳಿದ್ದವು. ಮಾಂಸ ತುಂಬಿ ಸುಟ್ಟ ಸಮ್ಸಾ ಮಾರುವ ಉಲ್ಕಾನಕ್ಕನ ಒಲೆಯ ಸುತ್ತ ಎಲ್ಲರೂ ಚಹಾ ಕುಡಿಯುತ್ತಿದ್ದರು. ಬೇಶೆನ್ ಒಂದು ಕವರನ್ನು ಎತ್ತಿಕೊಂಡು, ಗಡಿಯಾರದವರ ಒಂಟಿಕಣ್ಣಿನ ಭೂತಗನ್ನಡಿ ಸಿಕ್ಕಿಸಿಕೊಂಡು, ಅತ್ತಿತ್ತ ತಿರುಗಿಸಿ ನೋಡಿ, ತನಗೇ ಹೇಳಿಕೊಳ್ಳುವಂತೆ ಹೇಳಿದ:

"ಮೇಜಿನ ಮೇಲಿಟ್ರೆ ತೂಗಾಡುತ್ತೆ ಅಂತ ಬೈತಾರೆ."

"ಯಾರು?" ಎಂದಳು ಉಲ್ಕಾನಕ್ಕ.

"ವಿಮರ್ಶಕರು."

ಉಲ್ಕಾನಕ್ಕ ಸಮ್ಸಾ ತಿರುವುವುದನ್ನೇ ಮರೆತಳು. "ಇನ್ನೇನಂತಾರೆ?" ಎಂದಳು.

ಇನ್ನೇನಂತಾರೆ! ಆ ಪ್ರಶ್ನೆಯನ್ನು ಅವನಿಗೆ ಜನ್ಮದಲ್ಲಿ ಯಾರೂ ಕೇಳಿರಲಿಲ್ಲ. ಅವನು ನೆಟ್ಟಗೆ ಕೂತ. ಕ್ಯಾಮೆರಾದ ತೂತು ಇಷ್ಟು ದೊಡ್ಡದು, ಆದ್ದರಿಂದ ಕತ್ತಲಲ್ಲಿ ತೆಗೆದ ಚಿತ್ರವನ್ನು ಹೊಗಳುತ್ತಾರೆ. ಗುಂಡಿಯ ತೂತು ಕೆಳಗಿದೆ, ಎಡಗೈಯವರು ತಿಳಿಯದೆ ಒತ್ತಿ ಬೈಯುತ್ತಾರೆ. ಸದ್ದಿನ ತೂತು ಒಂದೇ ಕಡೆ, ಹಾಡು ಕೇಳುವಾಗ ಬೆರಳು ಅಡ್ಡ ಬರುತ್ತದೆ ಎನ್ನುತ್ತಾರೆ. ಕವರು ತೆಳ್ಳಗಿದೆ, ಹಾಗಾದರೆ ಬ್ಯಾಟರಿ ಮಧ್ಯಾಹ್ನಕ್ಕೇ ಮಲಗುತ್ತದೆ ಎನ್ನುತ್ತಾರೆ, ಬಿಸಿಯಾಗುತ್ತದೆ ಎಂದೂ ಎನ್ನುತ್ತಾರೆ. ಅಂಗಿಯ ಜೇಬು ಜೋತುಬೀಳುತ್ತದೆ ಎನ್ನುತ್ತಾರೆ. ಕೈಯಿಂದ ಜಾರುತ್ತದೆ ಎನ್ನುತ್ತಾರೆ. ಬಣ್ಣ ಒಂದು ಬಿಟ್ಟರೆ ಹೊಸದೇನೂ ಇಲ್ಲ ಎನ್ನುತ್ತಾರೆ. ಹೊಸದೇನೂ ಇಲ್ಲ ಎನ್ನಲು ಆರು ಪುಟ ಬರೆಯುತ್ತಾರೆ. ಕೊನೆಗೆ, ಬೆಲೆ ಅನ್ಯಾಯ ಎಂದು ಬೈದು ತಾವೂ ಒಂದು ಕೊಳ್ಳುತ್ತಾರೆ.

ಎಣಿಸಿದರೆ ಹನ್ನೊಂದು ಮಾತು. ಚಹಾ ಆರಿತ್ತು, ಸಮ್ಸಾ ಸೀದಿತ್ತು.

"ನೋಡ್ದೆ ಇರೋನಿಗೆ ಇಷ್ಟೆಲ್ಲಾ ಹೆಂಗೆ ಗೊತ್ತಾಗುತ್ತೆ?" ಎಂದು ಉಲ್ಕಾನಕ್ಕ ಕಣ್ಣು ಕಿರಿದು ಮಾಡಿದಳು. "ನಿಜ ಹೇಳು ಬೇಶೆನ್. ಫೋನು ನಿನ್ ಹತ್ರ ಇದೆ."

ಇಲ್ಲ ಎಂದು ಹೇಳಬೇಕಾದ ಜಾಗದಲ್ಲಿ ನನ್ನ ತಮ್ಮ ಸ್ವಲ್ಪ ನಕ್ಕ. ಅಷ್ಟೇ ಅವನ ಅಪರಾಧ. ನಗುವಿಗೆ ಕಾಲುಗಳಿರುತ್ತವೆ ಎಂದು ಅವನಿಗೆ ಗೊತ್ತಿರಲಿಲ್ಲ. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಫೋನು ಅವನ ಹತ್ತಿರವಿತ್ತು. ಸಂಜೆಯ ಹೊತ್ತಿಗೆ ಅದನ್ನು ತಯಾರಿಸಿದ ಕಂಪನಿಯವರೇ ಅವನ ಸಲಹೆ ಕೇಳಲು ಕಳಿಸಿದ್ದರು. ಮಸೀದಿಯ ನಲ್ಲಿಯ ಹತ್ತಿರ ಕೈಕಾಲು ತೊಳೆಯುತ್ತಿದ್ದವನೊಬ್ಬ ನನಗೇ ಹೇಳಿದ: "ನಿಮ್ಮ ತಮ್ಮ ಅವರಿಗೆ ಕಾಗದ ಬರ್ದಿದ್ದಾನಂತೆ, ಬಿಡುಗಡೆ ಮಾಡ್ಬೇಡಿ, ನಾಚ್ಕೆಗೇಡು ಅಂತ."

ಇಲ್ಲಿಂದ ಕಷ್ಟ ಶುರುವಾಯಿತು. ಹೊಸ ಸೊಸೆಯಾಗಲಿ, ಹೊಸ ಕೂಸಾಗಲಿ, ಹೊಸ ಕುದುರೆಯಾಗಲಿ, ಮೊದಲ ಸಲ ಬರಿಗೈಯಲ್ಲಿ ನೋಡುವವರು ನಾವಲ್ಲ. ನೋಟದ ಕಾಣಿಕೆ ಕೊಡಬೇಕು. ಕೊಟ್ಟ ಮೇಲೆ ತೋರಿಸದೆ ಇರುವಂತಿಲ್ಲ, ಕೊಡಲು ಬಂದವರನ್ನು ಬೇಡವೆಂದು ಕಳಿಸುವಂತೆಯೂ ಇಲ್ಲ. ಮರುದಿನ ಅಬ್ದಿಲಾಸ್ ಒಂದು ಮಾರು ಹಗ್ಗ ತಂದ. ಹಾರ್ಸಾನ್ ಕಲ್ಲುಸಕ್ಕರೆ ತಂದ. ಉಲ್ಕಾನಕ್ಕ ಹೊಸ ತಲೆವಸ್ತ್ರವೊಂದನ್ನು ಕೌಂಟರಿನ ಮೇಲಿಟ್ಟು, "ಹ್ಞೂಂ, ತೆಗಿ" ಎಂದಳು.

"ಚಾರ್ಜ್ ಆಗ್ತಿದೆ ಅಕ್ಕಾ" ಎಂದ ಬೇಶೆನ್.

ಮರುದಿನವೂ ಚಾರ್ಜ್ ಆಗುತ್ತಿತ್ತು. ಮೂರನೆಯ ದಿನ ಮಾಂಸದ ಸಾಲಿನವರು ಜೀವಂತ ಹುಂಜವನ್ನೇ ತಂದರು. ಆಗಲೂ ಚಾರ್ಜ್ ಆಗುತ್ತಿತ್ತು. ಐದನೆಯ ದಿನ ಉಲ್ಕಾನಕ್ಕ ಬಂದು ಗಂಭೀರವಾಗಿ ಹೇಳಿದಳು:

"ಬೇಶೆನ್, ಇನ್ನೊಂದು ಮಾತು ಸೇರಿಸ್ಕೋ. ಚಾರ್ಜ್ ಆಗೋಕೆ ಯುಗ ಬೇಕು ಅಂತ ಬೈತಾರೆ."

ಅವನು ಬೇಡವೆನ್ನುವಂತಿರಲಿಲ್ಲ. ಮಾತು ಹನ್ನೆರಡಾಯಿತು. ಹಾರ್ಸಾನ್ ರಟ್ಟಿನ ಪೆಟ್ಟಿಗೆಯೊಂದನ್ನು ಹರಿದು ಹನ್ನೆರಡನ್ನೂ ದಪ್ಪ ಅಕ್ಷರದಲ್ಲಿ ಬರೆದು ಬೇಶೆನ್‌ನ ಕಂಟೇನರಿನ ಬಾಗಿಲಿಗೆ ಅಂಟಿಸಿದ. ರಿಪೇರಿಗೆಂದು ಬಂದವರೂ ಅದನ್ನು ಓದಿ, ತಲೆದೂಗಿ, ರಿಪೇರಿ ಮರೆತು ಹೋಗುತ್ತಿದ್ದರು.

ಏಳನೆಯ ದಿನ ಬಜಾರು ಠಾಣೆಯ ಕ್ಯಾಪ್ಟನ್ ಚೋಕೋಯೆವ್ ಬಂದ. ಬಿಡುಗಡೆಯಾಗದ ಫೋನು ಗಡಿ ದಾಟಿ ಬಂದದ್ದು ಹೇಗೆ ಎಂಬುದು ಸರ್ಕಾರದ ಪ್ರಶ್ನೆ.

"ಫೋನೇ ಇಲ್ಲ ಸ್ವಾಮಿ" ಎಂದ ಬೇಶೆನ್. ಆ ವಾರದಲ್ಲಿ ಅವನು ಆಡಿದ ಮೊದಲ ನಿಜ ಅದು. ಯಾರೂ ನಂಬಲಿಲ್ಲ.

"ಇಲ್ವಾ?" ಕ್ಯಾಪ್ಟನ್ ಕಂಟೇನರಿನ ಮೂಲೆಗೆ ಬೆರಳು ತೋರಿಸಿದ. "ಹಂಗಾದ್ರೆ ಅದೇನು?"

"ಹುಂಜ."

"ಹುಂಜ ಅಂತ ನಂಗೂ ಗೊತ್ತು. ಇಲ್ಲದ ಫೋನು ನೋಡೋಕೆ ಯಾರಾದ್ರೂ ಹುಂಜ ಕೊಡ್ತಾರೇನಯ್ಯಾ?"

ಹುಂಜ ಸಾಕ್ಷಿ ನುಡಿಯುವಂತೆ ಕೂಗಿತು. ಕ್ಯಾಪ್ಟನ್ ಬಾಗಿಲು ಅರ್ಧ ಮುಚ್ಚಿ, ದನಿ ತಗ್ಗಿಸಿ, "ಹೋಗ್ಲಿ. ನಮ್ಮಿಬ್ರಲ್ಲೇ ಇರ್ಲಿ. ನನ್ನ ಹಳೇದನ್ನ ಈಗ್ಲೇ ಮಾರ್ಲಾ, ತಡೀಲಾ? ಕ್ಯಾಮೆರಾ ಅಷ್ಟು ಚೆನ್ನಾಗಿದ್ಯಾ?" ಎಂದ. ಎಂದವನು ಜೇಬಿನಿಂದ ತನ್ನ ಪೆನ್ನು ತೆಗೆದು ಕಾಣಿಕೆಯಾಗಿ ಕೌಂಟರಿನ ಮೇಲಿಟ್ಟ. ಆ ಪೆನ್ನು ಇಲ್ಲದ ಕಾರಣ ಅವತ್ತಿನ ವರದಿ ಬರೆಯಲಾಗಲಿಲ್ಲ ಎಂದು ಆಮೇಲೆ ತಿಳಿಯಿತು.

ಇಷ್ಟರಲ್ಲಿ ಸುದ್ದಿ ಬೆಟ್ಟ ಹತ್ತಿ ನಾರಿನ್ ಸೇರಿತ್ತು. ಬೇಶೆನ್‌ನ ಮಗಳು ಬೆಗಾಯ್‌ಳನ್ನು ಅಲ್ಲಿಯ ಕುದುರೆ ಸಾಕಣೆಯ ತೊಯ್ಚುಬೆಕ್ ಎಂಬವನ ಮಗನಿಗೆ ಕೊಡುವುದೆಂದು ನಿಶ್ಚಯವಾಗಿತ್ತು. ಮದುವೆಗೆ ಹತ್ತು ದಿನವಿತ್ತು. ಬೀಗರು ಫೋನ್ ಮಾಡಿ ಬುರುಲ್‌ಗೆ ಹೇಳಿದರಂತೆ: "ಬೀಗಿತ್ತಿ, ನಾಳಿದ್ದು ಬರ್ತೀವಿ. ಅಂಥ ಪದಾರ್ಥಾನ ಬರಿಗೈಲಿ ನೋಡೋಕಾಗುತ್ತಾ? ಕುರಿ ತರ್ತಿದ್ದೀವಿ."

ಬುರುಲ್ ಬೇಶೆನ್‌ನನ್ನು ಅಡುಗೆಮನೆಗೆ ಕರೆದಳು. ಮೂರನೆಯ ಪ್ರಶ್ನೆಯೊಂದು ಅವಳ ಬಾಯಿಂದ ಬಂದದ್ದು ಆಗಲೇ: "ಅದು ಎಲ್ಲಿದೆ?"

"ಯಾವುದು?"

"ನಿಮ್ಮ ತಲೆ! ಫೋನು ಎಲ್ಲಿದೆ?"

"ಇಲ್ಲ ಕಣೇ. ಬರೀ ಕವರು."

ಅವಳು ಹಿಟ್ಟಿನ ಕೈಯನ್ನು ಹಾಗೆಯೇ ತಲೆಗೆ ಒತ್ತಿಕೊಂಡಳಂತೆ. "ಗಂಡನ ಮನೇಲಿ ನಾಳೆ ನನ್ನ ಮಗಳಿಗೆ ಏನಂತಾರೆ? ಸುಳ್ಳನ ಮಗಳು ಅಂತಾರೆ. ಹಾಲು ಉಕ್ಕಿದ್ರೂ 'ಇವಳಪ್ಪನ ಹಾಗೇ' ಅಂತಾರೆ."

ಅಂದು ಸಂಜೆ ಬೇಶೆನ್ ಮಸೀದಿಗೆ ಬಂದು ನನ್ನ ಪಕ್ಕದಲ್ಲಿ ಕುಳಿತ.

"ಅಣ್ಣಾ, ಸತ್ತೋರನ್ನ ಮುಂದಿಟ್ಕೊಂಡು ನೀನು ಕೇಳ್ತೀಯಲ್ಲ, 'ಇವನು ಎಂಥ ಮನುಷ್ಯನಾಗಿದ್ದ?' ಅಂತ."

"ಕೇಳ್ತೀನಿ. ಎಲ್ಲರಿಗೂ ಕೇಳೋದೇ."

"ಎಲ್ರೂ 'ಒಳ್ಳೆಯವನು' ಅಂತಾರೆ."

"ಅಂತಾರೆ."

"ನಾನು ಸತ್ತಾಗ ಬೀಗರೂ ಬರ್ತಾರೆ. ನೀನು ಕೇಳ್ದಾಗ ಅವರೊಬ್ರು ಸುಮ್ನೆ ಇದ್ಬಿಟ್ರೆ? ಅಥವಾ 'ಕಾಣದ್ದನ್ನ ಕಂಡೆ ಅಂದವನು' ಅಂದ್ಬಿಟ್ರೆ?" ಅವನು ಚಾಪೆಯ ನೂಲೊಂದನ್ನು ಕಿತ್ತ. "ಫೋನಿನ ಬಗ್ಗೆ ಹನ್ನೆರಡು ಹೇಳ್ದೆ. ನನ್ನ ಬಗ್ಗೆ ಏನಂತಾರೆ ಅಂತ ಒಂದೂ ಗೊತ್ತಾಗ್ತಿಲ್ಲ."

"ನಿಜ ಹೇಳ್ಬಿಡು."

"ಹೇಳ್ತೀನಿ. ಚಹಾ ಆದ್ಮೇಲೆ ಹೇಳ್ತೀನಿ."

ಬೀಗರು ಆರು ಜನ ಬಂದರು, ಕುರಿಯನ್ನು ಸೇರಿಸಿದರೆ ಏಳು. ಬೇಶೆನ್‌ನ ಅಂಗಳದಲ್ಲಿ ಊಟದ ವಸ್ತ್ರ ಹಾಸಿತ್ತು. ಕರಿದ ರೊಟ್ಟಿಯ ತುಂಡುಗಳು ರಾಶಿ ಬಿದ್ದಿದ್ದವು. ಹದಿನಾಲ್ಕನೇ ಸಾಲಿನವರೆಲ್ಲ ತಾವು ಕೊಟ್ಟ ಕಾಣಿಕೆಯ ಹಕ್ಕಿನಿಂದ ಬಂದು ಕುಳಿತಿದ್ದರು. ಕ್ಯಾಪ್ಟನ್ ಸಮವಸ್ತ್ರದಲ್ಲಿದ್ದ, ಆದರೆ ತಾನು ಬಂದಿರುವುದು ನೆಂಟನಾಗಿ ಎಂದು ಎರಡು ಸಲ ಹೇಳಿದ. ಚಹಾ ಒಂದು ಸುತ್ತು ಆಯಿತು. ಬೇಶೆನ್ ಹೇಳಲಿಲ್ಲ. ಎರಡನೆಯ, ಮೂರನೆಯ ಸುತ್ತೂ ಆಯಿತು. ಅಷ್ಟು ಚಹಾ ಕುಡಿದ ಜನರನ್ನು ನಾನು ನನ್ನ ಆಯುಷ್ಯದಲ್ಲಿ ಕಂಡಿಲ್ಲ.

ಕೊನೆಗೆ ತೊಯ್ಚುಬೆಕ್ ತನ್ನ ದೊಡ್ಡ ಕೈಗಳನ್ನು ತೊಡೆಯ ಮೇಲಿಟ್ಟು ಹೇಳಿದ: "ಬೀಗರೇ, ಕುರಿ ಕಾಯ್ತಿದೆ. ತೋರಿಸಿ."

ಬೇಶೆನ್ ಒಳಗೆ ಹೋಗಿ ಒಂದು ಗಂಟು ತಂದ. ಒಂದರ ಮೇಲೊಂದು ಏಳು ಕರವಸ್ತ್ರ ಸುತ್ತಿತ್ತು. ಬಿಚ್ಚಿದ. ಪ್ರತಿ ವಸ್ತ್ರ ಬಿದ್ದಾಗಲೂ ಜನ ಒಂದು ಗೇಣು ಮುಂದೆ ಬಾಗಿದರು. ಏಳನೆಯದು ಬಿದ್ದಾಗ ಎಲ್ಲರ ತಲೆಯೂ ಒಂದೇ ಕಡೆ ಸೇರಿತ್ತು.

ಖಾಲಿ ಕವರು.

"ಇದರೊಳಗೆ ಫೋನು ಇಲ್ಲ, ಯಾವತ್ತೂ ಇರ್ಲಿಲ್ಲ" ಎಂದ ಬೇಶೆನ್. ಅವನ ಕಿವಿಗಳು ಕೆಂಪಾಗಿದ್ದವು. "ಹಾರ್ಸಾನ್ ಪೆಟ್ಟಿಗೆಯಿಂದ ತಗೊಂಡಿದ್ದು. ತೂತು ನೋಡಿ ಬಾಯಿಗೆ ಬಂದದ್ದು ಹೇಳ್ದೆ. ಆಮೇಲೆ ನೀವೆಲ್ಲಾ ಕೇಳಿದ್ರಿ. ನನ್ನನ್ನ ಯಾರೂ ಏನೂ ಕೇಳೋರಲ್ಲ. ಅದಕ್ಕೇ ಇಲ್ಲ ಅನ್ನೋಕೆ ಮನಸ್ಸು ಬರ್ಲಿಲ್ಲ. ತಪ್ಪು ನಂದು. ಹುಡುಗಿದಲ್ಲ."

"ಅಂದ್ರೆ ನನ್ನ ತಲೆವಸ್ತ್ರ?" ಎಂದಳು ಉಲ್ಕಾನಕ್ಕ. ಯಾರೋ ಅವಳ ತೋಳು ಚಿವುಟಿದರು.

ತೊಯ್ಚುಬೆಕ್ ಮುಖದಲ್ಲಿ ಏನೂ ಕಾಣಲಿಲ್ಲ. ಅವನು ಕೈ ಚಾಚಿ ಕವರನ್ನು ತೆಗೆದುಕೊಂಡ. ಕರು ಕೊಳ್ಳುವವನು ಗೊರಸು ನೋಡುವಂತೆ ತಿರುಗಿಸಿ ನೋಡಿದ, ಅಂಚನ್ನು ಹೆಬ್ಬೆರಳಿನಿಂದ ಸವರಿದ. ಆಮೇಲೆ ಕ್ಯಾಮೆರಾದ ತೂತಿಗೆ ಕಣ್ಣು ಇಟ್ಟು ಕುರಿಯನ್ನು ನೋಡಿದ. ಕ್ಯಾಪ್ಟನನ್ನು ನೋಡಿದ. ಬಾಗಿಲಲ್ಲಿ ಉಸಿರು ಹಿಡಿದು ನಿಂತಿದ್ದ ಬುರುಲ್‌ಳನ್ನು, ಅವಳ ಹಿಂದೆ ಮುಖ ಮುಚ್ಚಿಕೊಂಡಿದ್ದ ಬೆಗಾಯ್‌ಳನ್ನು ಬಹಳ ಹೊತ್ತು ನೋಡಿದ.

"ಕ್ಯಾಮೆರಾ ಚೆನ್ನಾಗಿದೆ" ಎಂದ. "ನಮ್ಮ ಸೊಸೆ ಸ್ಪಷ್ಟವಾಗಿ ಕಾಣಿಸ್ತಾಳೆ."

ಯಾರಿಗೂ ನಗುವ ಧೈರ್ಯ ಬರಲಿಲ್ಲ. ಅವನೇ ಮುಂದುವರಿಸಿದ: "ನಲವತ್ತು ವರ್ಷದಿಂದ ನಾನು ಕೆಸರಲ್ಲಿ ಗೊರಸಿನ ಗುರುತು ನೋಡಿ ಹೇಳ್ತೀನಿ, ಈ ಕುದುರೆ ಕುಂಟ್ತಿದೆ, ಈ ಕುದುರೆ ಗಬ್ಬ ಅಂತ. ಆ ಗುರುತಿನೊಳಗೂ ಕುದುರೆ ಇರಲ್ಲ. ನನ್ನನ್ನ ಯಾರೂ ಸುಳ್ಳ ಅಂದಿಲ್ಲ. ಯಾಕೆ? ಗುರುತು ಹಿಡಿದು ಹೋದ್ರೆ ಮುಂದೆ ಕುದುರೆ ಸಿಗುತ್ತೆ, ಅದು ಕುಂಟ್ತಾನೇ ಇರುತ್ತೆ. ಬೀಗರೇ, ಆ ಫೋನೇ ನಿಮ್ಮ ಕುದುರೆ, ಇನ್ನೂ ಸಿಕ್ಕಿಲ್ಲ. ಸಿಗ್ಲಿ. ನೀವು ಹೇಳಿದ ಹಾಗೇ ಕುಂಟಿದ್ರೆ ನಾನು ಎಲ್ಲರೆದುರಿಗೆ ಹೇಳ್ತೀನಿ. ಕುಂಟದೆ ಓಡಿದ್ರೆ, ಅದನ್ನೂ ಎಲ್ಲರೆದುರಿಗೇ ಹೇಳ್ತೀನಿ. ನಾನು ನೋಡಿದ್ದಾಯ್ತು, ಕುರಿ ನಿಮ್ದು."

ಮದುವೆ ಗೊತ್ತುಮಾಡಿದ ದಿನವೇ ನಡೆಯಿತು. ಬೆಗಾಯ್ ನಾರಿನ್‌ಗೆ ಹೋದಳು. ನನ್ನ ತಮ್ಮ ಮಾತ್ರ ಆಮೇಲಿನ ದಿನಗಳನ್ನು ರಟ್ಟಿನ ಮುಂದೆ ನಿಂತು ಕಳೆದ. ಒಮ್ಮೆ ಬ್ಯಾಟರಿಯ ಸಾಲಿನ ಮೇಲೆ ಬೆರಳಿಟ್ಟು, "ಇದೊಂದು ಸ್ವಲ್ಪ ಅನುಮಾನ" ಎಂದ. ಅಳಿಸಿಬಿಡು ಎಂದೆ. "ಹೇಳಿದ್ದನ್ನ ಅಳಿಸ್ಬಾರ್ದು ಅಣ್ಣಾ" ಎಂದ. ಕಾಣಿಕೆ ಕೊಟ್ಟವರಿಗೆಲ್ಲ ವಾಪಸು ಕೊಡಲು ಹೋದ. ಅವರು ತೆಗೆದುಕೊಳ್ಳಲಿಲ್ಲ. "ಫಲಿತಾಂಶ ಬರ್ಲಿ" ಎಂದರು. ಹುಂಜ ಅಲ್ಲಿಯೇ ಉಳಿದು ಫೋನುಗಳ ನಡುವೆ ಓಡಾಡಿಕೊಂಡಿತ್ತು.

ಆಮೇಲೆ ಆ ದಿನ ಬಂತು, ಮೂವರು ಹಿರಿಯರೂ ಬಂದರು.

ಮರುದಿನ ಮಣ್ಣು ಮಾಡುವುದೆಂದು ತೀರ್ಮಾನವಾಯಿತು. ಅಂಗಳದಲ್ಲಿ ಉಣ್ಣೆಯ ಗುಡಾರ ಎದ್ದಿತು. ಒಳಗೆ ಹೆಂಗಸರು, ಗೋಡೆಯ ಕಡೆ ಮುಖ ಮಾಡಿ ಕುಳಿತು ಹಾಡಿ ಅಳುವ ಬುರುಲ್. ಹೊರಗೆ ನಡುಪಟ್ಟಿ ಕಟ್ಟಿಕೊಂಡು ಕೋಲೂರಿ ನಿಂತ ನಾವು. ನಾರಿನ್‌ನವರು ಬೆಗಾಯ್‌ಳನ್ನು ಕರೆದುಕೊಂಡು ಮಧ್ಯಾಹ್ನಕ್ಕೆ ತಲುಪಿದರು. ತೊಯ್ಚುಬೆಕ್ ಬರುವ ದಾರಿಯಲ್ಲೇ ಬಜಾರಿಗೆ ಹೋಗಿದ್ದ ಎಂದು ನನಗೆ ತಿಳಿದಿರಲಿಲ್ಲ.

ನಮಾಜಿಗೆ ಸಾಲು ನಿಂತಿತು. ಮುಂದೆ ನನ್ನ ತಮ್ಮ ಮಲಗಿದ್ದ. ನಾನು ಜನರ ಕಡೆ ತಿರುಗಿದೆ. ಸಾವಿರ ಸಲ ಕೇಳಿದ ಪ್ರಶ್ನೆಯನ್ನೇ ಕೇಳಬೇಕಿತ್ತು. ಅವನು ಇದಕ್ಕೇ ಹೆದರಿದ್ದ.

"ಜನರೇ, ಇವನು ಎಂಥ ಮನುಷ್ಯನಾಗಿದ್ದ?"

"ಒಳ್ಳೆಯವನಾಗಿದ್ದ!" ಎಂದಿತು ಸಾಲು. ಒಬ್ಬನನ್ನು ಬಿಟ್ಟು. ತೊಯ್ಚುಬೆಕ್ ಸುಮ್ಮನಿದ್ದ.

ಅವನು ಸಾಲು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದ. ಕಂಕುಳಲ್ಲಿ ಆ ರಟ್ಟು ಇತ್ತು.

"ಮೊಲ್ದೋಕೆ, ಎಲ್ಲರೆದುರಿಗೆ ಹೇಳ್ತೀನಿ ಅಂತ ಬೀಗರಿಗೆ ಮಾತು ಕೊಟ್ಟಿದ್ದೆ" ಎಂದ. "ಕ್ಯಾಪ್ಟನ್ ಮಗಳು ಇಂಗ್ಲಿಷ್ ಬಲ್ಲಳು. ವಿಮರ್ಶಕರು ಬರೆದದ್ದನ್ನೆಲ್ಲಾ ಬೆಳಿಗ್ಗೆ ಓದಿ ಹೇಳಿದಳು. ಒಂದೊಂದಕ್ಕೂ ಗುರುತು ಹಾಕ್ಕೊಂಡು ಬಂದಿದ್ದೀನಿ."

ಕ್ಯಾಪ್ಟನ್ ಚೋಕೋಯೆವ್ ಸಾಲಿನಲ್ಲೇ ನೆಟ್ಟಗೆ ನಿಂತು, ಹೌದು ಎಂದು ತಲೆಯಾಡಿಸಿದ.

ಆಗ ಗುಡಾರದೊಳಗೆ ಅಳುವ ಹಾಡು ಥಟ್ಟನೆ ನಿಂತಿತು. ಅಂಥ ಹಾಡನ್ನು ನಡುವೆ ನಿಲ್ಲಿಸುವ ಪದ್ಧತಿ ಇಲ್ಲ. ಉಣ್ಣೆಯ ಗೋಡೆಯ ಆಚೆಯಿಂದ, ಅತ್ತು ಕರಗಿದ ದನಿಯಲ್ಲಿ, ಬುರುಲ್ ಕೇಳಿದಳು:

"ಎಷ್ಟು ಸರಿಯಾಯ್ತು?"

"ಒಂಬತ್ತು, ಬೀಗಿತ್ತಿ" ಎಂದ ತೊಯ್ಚುಬೆಕ್. "ಮೇಜಿನ ಮೇಲೆ ತೂಗಾಡುತ್ತಂತೆ. ಎಡಗೈಯವರು ಬೈದಿದ್ದಾರಂತೆ. ಬ್ಯಾಟರಿ ತಪ್ಪು, ಅದು ಮಾರನೇ ದಿನದವರೆಗೂ ಬರುತ್ತಂತೆ. ಬಿಸಿ ಆಗೋದೂ ತಪ್ಪು. ಚಾರ್ಜು ಬೇಗ ಆಗುತ್ತಂತೆ, ಹನ್ನೆರಡನೇದೂ ತಪ್ಪು."

"ಅದು ಅವನದಲ್ಲ! ಅದು ನಂದು!" ಎಂದು ಒಳಗಿಂದ ಉಲ್ಕಾನಕ್ಕ ಅಳುತ್ತಲೇ ಕೂಗಿದಳು. "ನಾನೇ ಸೇರಿಸಿದ್ದು! ಅದನ್ನ ಅವನ ತಲೆಗೆ ಕಟ್ಬೇಡಿ!"

ಸಾಲಿನಲ್ಲಿ ಗಡ್ಡಗಳು ಅಲುಗಿದವು. ಅಬ್ದಿಲಾಸ್ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡ. ಕ್ಯಾಪ್ಟನ್ ಕೆಮ್ಮಿದ.

"ಹಂಗಾದ್ರೆ ಹನ್ನೊಂದರಲ್ಲಿ ಒಂಬತ್ತು" ಎಂದ ತೊಯ್ಚುಬೆಕ್, ರಟ್ಟಿನ ಮೇಲಿನ ಕೊನೆಯ ಸಾಲನ್ನು ಉಗುರಿನಿಂದ ಗೀಚುತ್ತ. "ಗುರುತು ನೋಡಿ ನಾನೂ ಅಷ್ಟು ಹೇಳಲ್ಲ. ಒಂದು ಸಲ ಕುಂಟು ಅಂದ ಕುದುರೆ ನನ್ನನ್ನೇ ಒದ್ದು ಓಡಿತ್ತು." ಆಮೇಲೆ ರಟ್ಟನ್ನು ಮಡಚಿ, ನನ್ನ ತಮ್ಮನ ಕಡೆ ತಿರುಗಿ, ಗಟ್ಟಿಯಾಗಿ ಹೇಳಿದ: "ಒಳ್ಳೆ ಮನುಷ್ಯನಾಗಿದ್ದ. ನಿಜ ಹೇಳಿದ. ನಾನು ಸಾಕ್ಷಿ."

ಗುಡಾರದೊಳಗೆ ಹಾಡು ಮತ್ತೆ ಶುರುವಾಯಿತು. ಈ ಸಲ ಅದರಲ್ಲಿ ಒಂದು ಹೊಸ ಸಾಲು ಸೇರಿತ್ತು. ಜಗತ್ತಿನ ವಿಮರ್ಶಕರೆಲ್ಲ ನಿನ್ನ ಮಾತನ್ನೇ ಬರೆದರಲ್ಲಾ ನನ್ನ ದೊರೆಯೇ, ರೊಟ್ಟಿಯೊಂದನ್ನು ಮರೆಯುತ್ತಿದ್ದೆಯಲ್ಲಾ, ಎಂದು ಬುರುಲ್ ಹಾಡಿದಳು. ನಾನು ಕಾಬಾದ ಕಡೆ ತಿರುಗಿ ನಮಾಜು ಮಾಡಿಸಿದೆ.

ಇವತ್ತಿಗೆ ನಲವತ್ತು ದಿನವಾಯಿತು. ಹುಂಜ ನನ್ನ ಮನೆಯಲ್ಲಿದೆ. ಬೆಳಗಿನ ನಮಾಜಿಗೆ ನನ್ನನ್ನು ಎಬ್ಬಿಸುವುದು ಅದೇ.

ದಯಾಮಯನಾದ ದೇವರೇ, ನನ್ನ ತಮ್ಮ ಬೇಶೆನ್ ಒಂದು ಬೂಟು ಮಾತ್ರ ಹಾಕಿಕೊಂಡು, ಯಾವ ಕಾಣಿಕೆಯೂ ಇಲ್ಲದೆ ನಿನ್ನ ಬಾಗಿಲಿಗೆ ಬಂದಿದ್ದಾನೆ. ನಮ್ಮಲ್ಲಿ ಯಾರೂ ನೋಡದೇ ಇರುವುದನ್ನು ಅವನು ಮೊದಲ ಸಲ ನೋಡುತ್ತಿದ್ದಾನೆ. ಬರಿಗೈಯವನೆಂದು ತಡೆಯಬೇಡ, ತೋರಿಸು. ಅವನ ಸಮಾಧಿಯನ್ನು ಅಗಲ ಮಾಡು, ಬೆಳಕು ಮಾಡು. ಅವನು ತಪ್ಪಿದ ಎರಡು ಮಾತನ್ನು ಮನ್ನಿಸು. ನಾವು ಅವನ ತಲೆಗೆ ಕಟ್ಟಿದ ಒಂದನ್ನು ನಮ್ಮ ಲೆಕ್ಕಕ್ಕೆ ಬರೆದುಕೋ. ಅವನ ಆತ್ಮಕ್ಕೆ ಶಾಂತಿಯನ್ನು ಕೊಡು. ಆಮೀನ್.